ಸೋಲು ಒಪ್ಪದ ಒಂಬತ್ತು ವಾರ: ಜಾರ್ಜಿಯಾದ ಎರಡನೇ ಸುತ್ತು

2020ರ ನವೆಂಬರ್ 28, ಅಮೆರಿಕದ ಜಾರ್ಜಿಯಾ ರಾಜ್ಯದ ಮರಿಯೆಟ್ಟಾ. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷೆ ರೊನಾ ಮೆಕ್‌ಡೇನಿಯಲ್ ಅಲ್ಲಿ ಬೆಂಬಲಿಗರ ಜೊತೆ ಮಾತಾಡುತ್ತಿದ್ದರು. ಜನವರಿ 5ಕ್ಕೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯಕ್ಕಿರುವ ಎರಡೂ ಸ್ಥಾನಗಳಿಗೆ ಎರಡನೇ ಸುತ್ತಿನ ಮತದಾನ ಇತ್ತು. ಪಕ್ಷಕ್ಕೆ ದುಡ್ಡು ಬೇಕಿತ್ತು, ಓಡಾಡುವ ಜನ ಬೇಕಿತ್ತು. ಆಗ ಗುಂಪಿನಲ್ಲಿದ್ದ ಒಬ್ಬರು ಕೇಳಿದರು: ಎಲ್ಲಾ ಮೊದಲೇ ತೀರ್ಮಾನ ಆಗಿದೆ ಅಂದ್ಮೇಲೆ ನಾವು ಯಾಕೆ ದುಡ್ಡು ಹಾಕಬೇಕು, ಯಾಕೆ ದುಡಿಯಬೇಕು? ಇಲ್ಲ, ತೀರ್ಮಾನ ಆಗಿಲ್ಲ ಎಂದು ಮೆಕ್‌ಡೇನಿಯಲ್ ಹೇಳಿದರು.

ಕೇಳಿದವರದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಮೂರು ವಾರದಿಂದ, ಅಧ್ಯಕ್ಷ ಚುನಾವಣೆಯಲ್ಲಿ ಬೈಡನ್ ಎದುರು ಸೋತ ಟ್ರಂಪ್ ಮತ್ತು ಪಕ್ಷದ ನಾಯಕರೇ ಹೇಳುತ್ತಿದ್ದದ್ದು ಅದನ್ನೇ ಅಲ್ವಾ? ಯಂತ್ರ ಸರಿಯಿಲ್ಲ, ಎಣಿಕೆ ಸರಿಯಿಲ್ಲ, ಮತ ಕದ್ದುಹೋಗಿದೆ ಅಂತ. ಅದನ್ನು ಮನಸಾರೆ ನಂಬಿದವರು ಅದೇ ಯಂತ್ರದ ಮುಂದೆ ಮತ್ತೆ ಹೋಗಿ ಯಾಕೆ ನಿಲ್ಲಬೇಕು? ಈ ಬರಹ ಆ ಪ್ರಶ್ನೆಯ ಸುತ್ತಲೇ ಇದೆ. ಫಲಿತಾಂಶ ಒಪ್ಪದೆ ಹಟ ಹಿಡಿದರೆ ಅದರ ಹೊರೆ ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದನ್ನು ಜಾರ್ಜಿಯಾದ ಆ ಒಂಬತ್ತು ವಾರಗಳು ಬಿಚ್ಚಿ ತೋರಿಸಿದವು.

ಐವತ್ತರ ಗೆರೆ

ನಮ್ಮಲ್ಲಿ ಯಾರಿಗೆ ಜಾಸ್ತಿ ಮತ ಬೀಳುತ್ತದೋ ಅವರು ಗೆದ್ದ ಹಾಗೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರ ಒಂದೇ ಒಂದು ಮತದಿಂದ ತೀರ್ಮಾನವಾಯಿತು. ಅಮೆರಿಕದ ಹೆಚ್ಚಿನ ರಾಜ್ಯಗಳ ನಿಯಮವೂ ಇದೇ. ಆದರೆ ಜಾರ್ಜಿಯಾದಲ್ಲಿ ಮೊದಲಿಗರಾದರೆ ಸಾಲದು, ಬಿದ್ದ ಮತದಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆಯಬೇಕು. ಇಲ್ಲದಿದ್ದರೆ ಮೊದಲ ಇಬ್ಬರನ್ನು ಮಾತ್ರ ಉಳಿಸಿಕೊಂಡು ಮತ್ತೊಮ್ಮೆ ಮತದಾನ. ಇದಕ್ಕೇ ರನ್‌ಆಫ್ ಅನ್ನುತ್ತಾರೆ.

ಕೇಳಲು ನ್ಯಾಯವಾಗಿದೆ ಅನಿಸುತ್ತದೆ. ಆದರೆ ಅದು ಹುಟ್ಟಿದ ಹೊತ್ತು ಒಳ್ಳೆಯದಾಗಿರಲಿಲ್ಲ. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಾರ್ಜಿಯಾದ ಹಳೆಯ 'ಕೌಂಟಿ ಯೂನಿಟ್' ಪದ್ಧತಿಯನ್ನು ರದ್ದು ಮಾಡಿತು. ಆ ಪದ್ಧತಿಯಲ್ಲಿ ಸಣ್ಣ ಹಳ್ಳಿಗಾಡಿನ ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ಭಾಗಗಳ ಮಾತೇ ನಡೆಯುತ್ತಿತ್ತು, ಅಟ್ಲಾಂಟಾದಂಥ ನಗರದ ಮತಕ್ಕೆ ತೂಕ ಕಡಿಮೆ ಇತ್ತು. ಅದು ಹೋದ ಮೇಲೆ ಡೆನ್ಮಾರ್ಕ್ ಗ್ರೂವರ್ ಎಂಬ ಶಾಸಕ ಐವತ್ತರ ಗೆರೆಯ ನಿಯಮ ತರಲು ಮುಂದಾದರು. ಹಿಂದೆ ಒಂದು ಚುನಾವಣೆಯಲ್ಲಿ ಸೋತಾಗ, ಕಪ್ಪು ಜನ ಒಟ್ಟಾಗಿ ಎದುರಾಳಿಗೆ ಮತ ಹಾಕಿದ್ದೇ ಕಾರಣ ಎಂದು ಅವರು ನಂಬಿದ್ದರು. ಬಿಳಿಯರ ಮತ ಹಲವರ ನಡುವೆ ಹಂಚಿಹೋದರೂ ಎರಡನೇ ಸುತ್ತಿನಲ್ಲಿ ಒಂದಾಗಬಹುದು ಅನ್ನುವುದು ಲೆಕ್ಕ. 1964ರಲ್ಲಿ ಕಾನೂನು ಆಯಿತು. ಆಗ ತಮ್ಮಲ್ಲಿ ಜನಾಂಗದ್ವೇಷ ಇದ್ದದ್ದನ್ನು ಗ್ರೂವರ್ ಮುಂದೆ ತಾವೇ ಒಪ್ಪಿಕೊಂಡರು.

ಆಮೇಲೆ ಈ ಗೆರೆ ಆಗಾಗ ಸರಿದಾಡಿದೆ. 1992ರಲ್ಲಿ ಡೆಮಾಕ್ರಟ್ ಸೆನೆಟರ್ ವೈಚ್ ಫೌಲರ್ ಮೊದಲ ಸುತ್ತಿನಲ್ಲಿ ಮುಂದಿದ್ದರೂ ಐವತ್ತು ದಾಟಲಿಲ್ಲ. ಎರಡನೇ ಸುತ್ತಿನಲ್ಲಿ ರಿಪಬ್ಲಿಕನ್ ಪಾಲ್ ಕವರ್‌ಡೆಲ್ ಸುಮಾರು 16 ಸಾವಿರ ಮತಗಳಿಂದ ಗೆದ್ದರು. ಆಗ ಶಾಸನಸಭೆ ಡೆಮಾಕ್ರಟರ ಕೈಯಲ್ಲಿತ್ತು. ಅವರು ಗೆರೆಯನ್ನು 45ಕ್ಕೆ ಇಳಿಸಿದರು. 1996ರಲ್ಲಿ ಅವರ ಮ್ಯಾಕ್ಸ್ ಕ್ಲೀಲ್ಯಾಂಡ್ ಐವತ್ತು ಮುಟ್ಟದೆಯೇ ಸೆನೆಟ್‌ಗೆ ಹೋದರು. 2005ರಲ್ಲಿ ರಿಪಬ್ಲಿಕನ್ನರು ಗೆರೆಯನ್ನು ಮತ್ತೆ 50ಕ್ಕೆ ಏರಿಸಿದರು. ಎರಡೂ ಪಕ್ಷದವರು ತಮಗೆ ಬೇಕಾದಂತೆ ನಿಯಮ ತಿದ್ದಿದವರೇ ಅನ್ನುವುದನ್ನು ನೆನಪಿಡಬೇಕು.

2020ರ ನವೆಂಬರ್ 3ರಂದು ಈ ಗೆರೆ ರಿಪಬ್ಲಿಕನ್ ಸೆನೆಟರ್ ಡೇವಿಡ್ ಪರ್ಡ್ಯೂ ಅವರ ದಾರಿಗೆ ಅಡ್ಡ ಬಂತು. ಅವರಿಗೆ 24,62,617 ಮತ, ಎದುರಾಳಿ ಜಾನ್ ಆಸಫ್‌ಗೆ 23,74,519. ಸುಮಾರು 88 ಸಾವಿರದ ಮುನ್ನಡೆ. ನಮ್ಮಲ್ಲಾಗಿದ್ದರೆ ಅಲ್ಲಿಗೆ ಪಟಾಕಿ ಹೊಡೆಯುತ್ತಿದ್ದರು. ಆದರೆ ಲಿಬರ್ಟೇರಿಯನ್ ಪಕ್ಷದ ಅಭ್ಯರ್ಥಿ 1.15 ಲಕ್ಷ ಮತ ತೆಗೆದುಕೊಂಡಿದ್ದರು. ಪರ್ಡ್ಯೂ 49.7ಕ್ಕೆ ನಿಂತರು. ಐವತ್ತು ದಾಟಲು ಬೇಕಿದ್ದದ್ದು ಸುಮಾರು 13,500 ಮತ.

ಇನ್ನೊಂದು ಸ್ಥಾನ, ಅನಾರೋಗ್ಯದಿಂದ ರಾಜೀನಾಮೆ ಕೊಟ್ಟಿದ್ದ ಜಾನಿ ಐಸಾಕ್‌ಸನ್ ಅವರದು. ಅಲ್ಲಿ ಇಪ್ಪತ್ತು ಮಂದಿ ನಿಂತಿದ್ದರು. ಎಬಿನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ, ಡೆಮಾಕ್ರಟ್ ರಫಾಯಲ್ ವಾರ್ನಾಕ್ ಮೊದಲಿಗರಾದರು. ರಾಜ್ಯ ಸರ್ಕಾರದ ಮುಖ್ಯಸ್ಥರಾದ ರಿಪಬ್ಲಿಕನ್ ಗವರ್ನರ್ ಬ್ರಯಾನ್ ಕೆಂಪ್ ನೇಮಿಸಿದ್ದ ಸೆನೆಟರ್ ಕೆಲ್ಲಿ ಲೋಫ್ಲರ್ ಎರಡನೆಯವರು. ಎರಡೂ ಸ್ಥಾನಗಳನ್ನು ಡೆಮಾಕ್ರಟರು ಗೆದ್ದರೆ ಸೆನೆಟ್ 50-50 ಆಗಿ, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಒಂದು ಮತದಿಂದ ಅವರ ಕೈಗೆ ಹೋಗುತ್ತಿತ್ತು. ದೇಶದ ಕಣ್ಣೆಲ್ಲಾ ಒಂದು ರಾಜ್ಯದ ಮೇಲೆ ನೆಟ್ಟಿತು.

ಒಂದೇ ಮತವನ್ನು ಮೂರು ಸಲ ಎಣಿಸಿದ್ದು

ಅದೇ ದಿನದ ಅಧ್ಯಕ್ಷ ಚುನಾವಣೆಯಲ್ಲಿ ಜಾರ್ಜಿಯಾದಲ್ಲಿ ಜೋ ಬೈಡನ್ ಮುಂದಿದ್ದರು. ಒಟ್ಟು ಸುಮಾರು 50 ಲಕ್ಷ ಮತಗಳಲ್ಲಿ ಅಂತರ 14 ಸಾವಿರದಷ್ಟು. ಇಷ್ಟು ಸಣ್ಣ ಅಂತರ ಇದ್ದಾಗ ಅನುಮಾನ ಬರುವುದು ಸಹಜ. ಮತ್ತೊಮ್ಮೆ ಎಣಿಸಿ ಅನ್ನುವುದು ಯಾರದೇ ಹಕ್ಕು.

ಜಾರ್ಜಿಯಾ ಎಣಿಸಿತು. ಆ ವರ್ಷ ಅಲ್ಲಿ ಹೊಸ ಯಂತ್ರಗಳು ಬಂದಿದ್ದವು. ಪರದೆ ಮುಟ್ಟಿ ಮತ ಹಾಕಿದರೆ ಕೈಗೆ ಕಾಗದ ಬರುತ್ತದೆ, ಅದರಲ್ಲಿ ಯಾರಿಗೆ ಹಾಕಿದೆವು ಎಂದು ಓದಬಹುದು. ಹಾಗಾಗಿ ಎಣಿಸಲು ಕಾಗದ ಇತ್ತು. ರಾಜ್ಯದ ಚುನಾವಣೆ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಬ್ರಾಡ್ ರಾಫೆನ್ಸ್‌ಪರ್ಗರ್ ಎಲ್ಲಾ 159 ಕೌಂಟಿಗಳಲ್ಲೂ ಕೈಯಲ್ಲೇ ಎಣಿಸಲು ಹೇಳಿದರು. ಅವರು ಎಂಜಿನಿಯರ್, ರಿಪಬ್ಲಿಕನ್, ಟ್ರಂಪ್‌ಗೆ ಮತ ಹಾಕಿದವರು.

ಆ ಎಣಿಕೆಯಲ್ಲಿ ತಪ್ಪು ಸಿಕ್ಕವು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಎರಡೂ ಕಡೆಯವರು ಇದನ್ನು ಮರೆಯುತ್ತಾರೆ. ಫ್ಲಾಯ್ಡ್ ಕೌಂಟಿಯಲ್ಲಿ 2,500ಕ್ಕೂ ಹೆಚ್ಚು ಮತಪತ್ರಗಳು ಮೊದಲ ಎಣಿಕೆಯಲ್ಲಿ ಸೇರಿರಲಿಲ್ಲ. ಫಯೆಟ್ ಕೌಂಟಿಯಲ್ಲಿ ಒಂದು ಮೆಮೊರಿ ಕಾರ್ಡ್ ಸೇರಿಸುವುದನ್ನೇ ಬಿಟ್ಟಿದ್ದರು. ಅದರಲ್ಲಿ 2,755 ಮತ. ಈ ಎರಡೂ ಕಡೆ ಸಿಕ್ಕ ಮತಗಳಲ್ಲಿ ಹೆಚ್ಚಿನವು ಟ್ರಂಪ್‌ಗೆ ಬಿದ್ದಿದ್ದವು. ಅವನ್ನು ಸೇರಿಸಿದರು, ಬೈಡನ್ ಮುನ್ನಡೆ 12,670ಕ್ಕೆ ಇಳಿಯಿತು, ನವೆಂಬರ್ 20ಕ್ಕೆ ಅಧಿಕೃತವಾಯಿತು. ಟ್ರಂಪ್ ಕಡೆಯವರು ಮತ್ತೊಮ್ಮೆ ಎಣಿಸಲು ಕೇಳಿದರು. ಅಂತರ ಅರ್ಧ ಶೇಕಡಕ್ಕಿಂತ ಕಡಿಮೆ ಇದ್ದದ್ದರಿಂದ ಕಾನೂನಿನಲ್ಲಿ ಅದಕ್ಕೆ ಅವಕಾಶ ಇತ್ತು. ಯಂತ್ರದಲ್ಲಿ ಮರು ಎಣಿಕೆ ಆಯಿತು. ಕೊನೆಗೆ ನಿಂತ ಅಂಕಿ 11,779.

ಅಂಚೆ ಮತಗಳ ಲಕೋಟೆ ಮೇಲಿನ ಸಹಿ ಸರಿಯಾಗಿ ನೋಡಿಲ್ಲ ಅಂದರು. ಕಾಬ್ ಕೌಂಟಿಯ 15,118 ಲಕೋಟೆಗಳನ್ನು ರಾಜ್ಯದ ತನಿಖಾ ಸಂಸ್ಥೆಯವರು ಕೂತು ನೋಡಿದರು. ಮೋಸದ ಒಂದು ಮತವೂ ಸಿಗಲಿಲ್ಲ. ಎರಡು ಲಕೋಟೆಗಳ ವಿಷಯದಲ್ಲಿ ಮತದಾರರಿಗೆ ತಿಳಿಸಿ ಸರಿ ಮಾಡಿಸಿಕೊಳ್ಳಬೇಕಿತ್ತು, ಅಷ್ಟೇ.

ಅನುಮಾನ ಪಡುವವರಿಗೆ ಇದಕ್ಕಿಂತ ಹೆಚ್ಚು ಏನು ಮಾಡಿ ತೋರಿಸಬಹುದು? ನನ್ನ ಮಟ್ಟಿಗೆ ಡಿಸೆಂಬರ್ ಏಳಕ್ಕೆ, ಮರು ಎಣಿಕೆಯ ಫಲಿತಾಂಶ ಅಧಿಕೃತವಾದ ದಿನಕ್ಕೆ, ಜಗಳ ಮುಗಿಯಬೇಕಿತ್ತು.

ಹೇಳಲಾಗದ ಮಾತು

ಪರ್ಡ್ಯೂ ಮತ್ತು ಲೋಫ್ಲರ್ ಅವರ ಇಕ್ಕಟ್ಟನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಅವರಿಬ್ಬರ ಕೈಯಲ್ಲಿದ್ದ ಅತಿ ದೊಡ್ಡ ವಾದ ಸರಳವಾಗಿತ್ತು: ಅಧ್ಯಕ್ಷರಾಗಿ ಬೈಡನ್ ಬರುತ್ತಿದ್ದಾರೆ, ಅವರ ಕೈ ಹಿಡಿಯಲು ಸೆನೆಟ್ ನಮ್ಮ ಹತ್ತಿರ ಇರಲಿ. ಅಧಿಕಾರ ಒಂದೇ ಕಡೆ ಸೇರುವುದು ಬೇಡ ಅನ್ನುವ ಮಧ್ಯಮ ನಿಲುವಿನ ಮತದಾರರಿಗೆ ಇದು ಹಿಡಿಸುವ ಮಾತು. ಆದರೆ ಇದನ್ನು ಬಾಯಿಬಿಟ್ಟು ಹೇಳಬೇಕಾದರೆ ಬೈಡನ್ ಗೆದ್ದಿದ್ದಾರೆ ಎಂದು ಒಪ್ಪಬೇಕು. ಒಪ್ಪಿದರೆ ಟ್ರಂಪ್ ಮುನಿಯುತ್ತಾರೆ, ಅವರನ್ನು ಪ್ರೀತಿಸುವ ಮತದಾರರು ಮನೆಯಲ್ಲಿ ಕೂರುತ್ತಾರೆ. ಒಪ್ಪದಿದ್ದರೆ, ಈ ಚುನಾವಣೆಯೂ ಕಳ್ಳತನವೇ ಎಂದು ಅದೇ ಮತದಾರರು ಮನೆಯಲ್ಲಿ ಕೂರುತ್ತಾರೆ.

ಅವರು ಆರಿಸಿದ್ದು ಎರಡನೆಯ ದಾರಿ. ನವೆಂಬರ್ 9ರಂದೇ ಇಬ್ಬರೂ ಸೇರಿ ರಾಫೆನ್ಸ್‌ಪರ್ಗರ್ ರಾಜೀನಾಮೆ ಕೊಡಬೇಕು ಅಂದರು. ತಮ್ಮದೇ ಪಕ್ಷದ ಅಧಿಕಾರಿ, ಅದೂ ತಮ್ಮ ಚುನಾವಣೆಯನ್ನು ಮುಂದೆ ನಡೆಸಬೇಕಾದವರು! ಡಿಸೆಂಬರ್ 6ರ ಟಿವಿ ಚರ್ಚೆಯಲ್ಲಿ ಟ್ರಂಪ್ ಸೋತಿದ್ದಾರಾ ಎಂದು ಕೇಳಿದಾಗ ಲೋಫ್ಲರ್ ನೇರ ಉತ್ತರ ಕೊಡಲಿಲ್ಲ. ಪರ್ಡ್ಯೂ ಚರ್ಚೆಗೇ ಬರಲಿಲ್ಲ; ಆಸಫ್ ಖಾಲಿ ಪೀಠದ ಪಕ್ಕ ನಿಂತು ಮಾತಾಡಿದರು.

ಅವರ ಸುತ್ತ ಮಾತು ಕೈಮೀರುತ್ತಿತ್ತು. ಡಿಸೆಂಬರ್ 2ರಂದು ಆಲ್ಫರೆಟಾದಲ್ಲಿ ಒಂದು ಸಭೆ ನಡೆಯಿತು. ಅಟ್ಲಾಂಟಾದ ಉತ್ತರಕ್ಕಿರುವ ಈ ಊರಿನ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸದಲ್ಲಿರುವ ಎಷ್ಟೋ ಕನ್ನಡಿಗರ ಮನೆಗಳಿವೆ. ವಕೀಲರಾದ ಲಿನ್ ವುಡ್ ಮತ್ತು ಸಿಡ್ನಿ ಪೊವೆಲ್ ಅಲ್ಲಿ ಟ್ರಂಪ್ ಬೆಂಬಲಿಗರಿಗೆ ಮಾತಾಡಿದರು. ಈ ಯಂತ್ರಗಳು ಇರುವವರೆಗೆ ಜನವರಿಯಲ್ಲಿ ಮತ ಹಾಕಲೇಬೇಡಿ ಎಂದು ವುಡ್ ಕರೆ ಕೊಟ್ಟರು. ಮೂರು ದಿನ ಬಿಟ್ಟು ವಾಲ್ಡೋಸ್ಟಾದಲ್ಲಿ ಟ್ರಂಪ್ ಸಭೆ. ಹೆಸರಿಗೆ ಅದು ಪರ್ಡ್ಯೂ, ಲೋಫ್ಲರ್ ಪರವಾದ ಪ್ರಚಾರ. ಮತ ಹಾಕಿ ಎಂದು ಟ್ರಂಪ್ ಕೇಳಿದ್ದೂ ನಿಜ. ಆದರೆ ಭಾಷಣದ ದೊಡ್ಡ ಪಾಲು ತಮ್ಮ ಚುನಾವಣೆ ಕದ್ದರು ಅನ್ನುವುದಕ್ಕೇ ಹೋಯಿತು. ಇಬ್ಬರು ಸೆನೆಟರ್‌ಗಳು ಮೈಕ್ ಮುಂದೆ ಬಂದಾಗ ಜನ 'ಟ್ರಂಪ್‌ಗಾಗಿ ಹೋರಾಡಿ' ಎಂದು ಕೂಗಿದರು. ಕೂಗಿನಲ್ಲಿ ಅವರ ಮಾತು ಸರಿಯಾಗಿ ಕೇಳಿಸಲೂ ಇಲ್ಲ.

ಎಚ್ಚರಿಕೆ ಬರಲಿಲ್ಲ ಅಂತಲೂ ಹೇಳುವ ಹಾಗಿಲ್ಲ. ಡಿಸೆಂಬರ್ 1ರಂದು ರಾಫೆನ್ಸ್‌ಪರ್ಗರ್ ಕಚೇರಿಯ ಗೇಬ್ರಿಯಲ್ ಸ್ಟರ್ಲಿಂಗ್ ಪತ್ರಕರ್ತರ ಮುಂದೆ ಬಂದರು. ಇವರೂ ರಿಪಬ್ಲಿಕನ್. ಗ್ವಿನೆಟ್ ಕೌಂಟಿಯಲ್ಲಿ ಯಂತ್ರದ ಕಂಪನಿಯ ಪರವಾಗಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನಿಗೆ ನೇಣಿನ ಹಗ್ಗದ ಚಿತ್ರ ಹಾಕಿ ಬೆದರಿಸಿದ್ದರು. ಅವನು ಮಾಡಿದ್ದು ಒಂದು ವರದಿಯನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾಕಿದ್ದು. ಸ್ಟರ್ಲಿಂಗ್ ದನಿ ಸಿಟ್ಟಿಗೆ ನಡುಗುತ್ತಿತ್ತು. ಅಧ್ಯಕ್ಷರೇ, ನೀವಿದನ್ನು ಖಂಡಿಸಿಲ್ಲ. ಸೆನೆಟರ್‌ಗಳೇ, ನೀವೂ ಖಂಡಿಸಿಲ್ಲ. ಹೀಗೇ ಹೋದರೆ ಯಾರಾದರೂ ಸಾಯುತ್ತಾರೆ ಅಂದರು. ಆ ವಿಡಿಯೊ ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅಲ್ಲಿಂದ ಐದು ವಾರಕ್ಕೆ ಬಂದದ್ದು ಜನವರಿ 6, ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ದಿನ.

ಜನವರಿ 2ರ ಶನಿವಾರ ಟ್ರಂಪ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿದರು. ಮಾತು ಸುಮಾರು ಒಂದು ಗಂಟೆ ನಡೆಯಿತು. ತನಗೆ 11,780 ಮತ ಹುಡುಕಿದರೆ ಸಾಕು ಎಂದು ಟ್ರಂಪ್ ಕೇಳಿದರು. ಅಂತರಕ್ಕಿಂತ ಒಂದೇ ಒಂದು ಹೆಚ್ಚು. ಸತ್ತವರ ಹೆಸರಿನಲ್ಲಿ ಸುಮಾರು ಐದು ಸಾವಿರ ಮತ ಬಿದ್ದಿದೆ ಅಂದರು. ನಮಗೆ ಸಿಕ್ಕಿರುವುದು ಎರಡು ಎಂದು ರಾಫೆನ್ಸ್‌ಪರ್ಗರ್ ಉತ್ತರಿಸಿದರು. ಮುಂದೆ ತನಿಖೆ ಪೂರ್ತಿಯಾದಾಗ ಅಂಥ ಮತ ನಾಲ್ಕು ಅಂತ ಆಯಿತು. ಮರುದಿನ ಆ ಸಂಭಾಷಣೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಹೊರಗೆ ಬಂತು. ಎರಡನೇ ಸುತ್ತಿನ ಮತದಾನಕ್ಕೆ ಆಗ ಉಳಿದಿದ್ದದ್ದು ಎರಡು ದಿನ.

ಲೆಕ್ಕ

ಜನವರಿ 5ರಂದು ಆಸಫ್‌ಗೆ 22,69,923, ಪರ್ಡ್ಯೂಗೆ 22,14,979. ಅಂತರ 54,944. ವಾರ್ನಾಕ್ ಲೋಫ್ಲರ್ ಅವರನ್ನು ಸುಮಾರು 93 ಸಾವಿರ ಮತಗಳಿಂದ ಸೋಲಿಸಿದರು. ಜಾರ್ಜಿಯಾದಿಂದ ಸೆನೆಟ್‌ಗೆ ಹೋದ ಮೊದಲ ಕಪ್ಪು ವ್ಯಕ್ತಿ ವಾರ್ನಾಕ್, ಮೊದಲ ಯಹೂದಿ ಆಸಫ್. ಎರಡೂ ಕಡೆ ಅಂತರ ಅರ್ಧ ಶೇಕಡ ದಾಟಿತ್ತು, ಹಾಗಾಗಿ ಮರು ಎಣಿಕೆಯ ಮಾತು ಬರಲಿಲ್ಲ.

ನವೆಂಬರ್ ಮತ್ತು ಜನವರಿಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆಸಫ್‌ಗೆ ನವೆಂಬರಿಗಿಂತ ಸುಮಾರು 1.05 ಲಕ್ಷ ಮತ ಕಡಿಮೆ ಬಿದ್ದವು. ಪರ್ಡ್ಯೂಗೆ 2.48 ಲಕ್ಷ ಕಡಿಮೆ. ಅಂದರೆ ಆಸಫ್ ಹೊಸದಾಗಿ ಜನರನ್ನು ಗೆದ್ದುಕೊಂಡು ಮುಂದೆ ಹೋದರು ಅನ್ನುವುದಕ್ಕಿಂತ, ಪರ್ಡ್ಯೂ ತಮ್ಮವರನ್ನು ಜಾಸ್ತಿ ಕಳೆದುಕೊಂಡರು. ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್ ಪತ್ರಿಕೆ ಮತದಾರರ ದಾಖಲೆ ತೆಗೆದು ನೋಡಿತು. ನವೆಂಬರಿನಲ್ಲಿ ಮತ ಹಾಕಿ ಜನವರಿಯಲ್ಲಿ ಬಾರದವರು 7.52 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಯರು, ಬಹಳ ಜನ ಹಳ್ಳಿ ಕಡೆಯವರು. ನವೆಂಬರಿನಲ್ಲಿ ಬಾರದೆ ಜನವರಿಯಲ್ಲಿ ಬಂದವರು ಸುಮಾರು 2.28 ಲಕ್ಷ.

ಇದೆಲ್ಲಾ 'ಕಳ್ಳತನ' ಎಂಬ ಕೂಗಿನಿಂದಲೇ ಆಯಿತು ಅಂದರೆ ಅನ್ಯಾಯವಾಗುತ್ತದೆ. 2018ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತಿದ್ದ ಡೆಮಾಕ್ರಟ್ ಸ್ಟೇಸಿ ಏಬ್ರಮ್ಸ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಮನೆಮನೆ ಸುತ್ತಿ ಕಪ್ಪು ಮತದಾರರ ಹೆಸರು ಸೇರಿಸಿದ್ದರು. ಕೊರೋನಾ ಪರಿಹಾರವಾಗಿ ಪ್ರತಿಯೊಬ್ಬರಿಗೆ 2,000 ಡಾಲರ್ ಕೊಡುವ ಪ್ರಸ್ತಾಪ ರಿಪಬ್ಲಿಕನ್ನರ ಸೆನೆಟ್‌ನಲ್ಲಿ ನಿಂತುಹೋಗಿತ್ತು. ನಾವು ಗೆದ್ದರೆ ಕೊಡಿಸುತ್ತೇವೆ ಎಂದು ಆಸಫ್ ಮತ್ತು ವಾರ್ನಾಕ್ ಹೇಳುತ್ತಾ ಬಂದರು. ಅದು ನೇರವಾಗಿ ಜೇಬಿಗೆ ಮುಟ್ಟುವ ಮಾತು. ಇವೆಲ್ಲಾ ಸೇರಿವೆ. ಆದರೆ ಸೋಲಿನ ಅಂತರ 55 ಸಾವಿರವೂ ಇಲ್ಲ. ಅಷ್ಟು ಸಣ್ಣ ಅಂತರದಲ್ಲಿ, ಮತ ಹಾಕಿದರೂ ಉಪಯೋಗವಿಲ್ಲ ಎಂದು ಒಂಬತ್ತು ವಾರ ಕೇಳಿಸಿಕೊಂಡ ಜನ ಮನೆಯಲ್ಲಿ ಉಳಿದದ್ದು ಲೆಕ್ಕಕ್ಕೆ ಬರಲಿಲ್ಲ ಅನ್ನುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಸಂಗತಿ ಎಲ್ಲೂ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಅದೇ ದಿನ, ಅದೇ ಮತಪತ್ರದಲ್ಲಿ ಮೂರನೆಯ ಸ್ಪರ್ಧೆಯೂ ಇತ್ತು. ವಿದ್ಯುತ್ ದರ ಮುಂತಾದವನ್ನು ನೋಡಿಕೊಳ್ಳುವ ರಾಜ್ಯ ಆಯೋಗದ ಒಂದು ಸ್ಥಾನ. ಅದರಲ್ಲಿ ರಿಪಬ್ಲಿಕನ್ ಬಬ್ಬಾ ಮೆಕ್‌ಡೊನಾಲ್ಡ್ ಗೆದ್ದರು. ಯಂತ್ರ ಅದೇ, ಕಾಗದ ಅದೇ, ಎಣಿಸಿದ ಕೈಗಳೂ ಅವೇ.

2018ರ ಮಾತು

ಇಲ್ಲಿ ರಿಪಬ್ಲಿಕನ್ನರು ಕೇಳುವ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು. 2018ರ ಗವರ್ನರ್ ಚುನಾವಣೆಯಲ್ಲಿ ಕೆಂಪ್ ವಿರುದ್ಧ ಏಬ್ರಮ್ಸ್ 54,723 ಮತಗಳಿಂದ ಸೋತರು. ಕೆಂಪ್ ಐವತ್ತರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದ್ದರು, 50.2. ಆಗ ಚುನಾವಣೆ ನಡೆಸುವ ಸೆಕ್ರೆಟರಿ ಆಫ್ ಸ್ಟೇಟ್ ಸ್ಥಾನದಲ್ಲಿ ಕೆಂಪ್ ಅವರೇ ಕೂತಿದ್ದರು. ಇದು ನಿಜಕ್ಕೂ ತಕರಾರು ಮಾಡುವ ವಿಷಯ. ನವೆಂಬರ್ 16ರಂದು ಏಬ್ರಮ್ಸ್, ಕೆಂಪ್ ಗವರ್ನರ್ ಆಗುತ್ತಾರೆ ಎಂದು ಒಪ್ಪಿದರು, ಆದರೆ ಇದನ್ನು ಸೋಲು ಒಪ್ಪಿದ ಭಾಷಣ ಎಂದು ತಿಳಿಯಬೇಡಿ ಅಂದರು. ಅವರ ಸಂಘಟನೆ ಹಾಕಿದ ದೊಡ್ಡ ಮೊಕದ್ದಮೆ ನಾಲ್ಕು ವರ್ಷ ನಡೆದು 2022ರಲ್ಲಿ ಕೋರ್ಟಿನಲ್ಲಿ ಬಿದ್ದುಹೋಯಿತು.

ಏಬ್ರಮ್ಸ್ ಆ ಮಾತನ್ನು ಹಾಗೆ ಆಡಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅವರು ಕೋರ್ಟಿಗೆ ಹೋದರು, ಎಣಿಕೆ ಮಾಡುವವರಿಗೆ ಫೋನ್ ಮಾಡಿ ಮತ ಹುಡುಕಿ ಅನ್ನಲಿಲ್ಲ. ಮತ ಹಾಕಿ ಉಪಯೋಗವಿಲ್ಲ ಎಂದು ತಮ್ಮ ಜನಕ್ಕೆ ಹೇಳಲಿಲ್ಲ. ಇನ್ನೂ ಹೆಚ್ಚು ಜನ ಬನ್ನಿ ಅಂದರು. 2022ರಲ್ಲಿ ಮತ್ತೆ ಕೆಂಪ್ ಎದುರು ಸೋತಾಗ ಅದೇ ರಾತ್ರಿ ಒಪ್ಪಿಕೊಂಡರು.

ಆಮೇಲೆ

ಆಸಫ್ ಗೆದ್ದ ಸುದ್ದಿ ಖಚಿತವಾದದ್ದು ಜನವರಿ 6ರ ಮಧ್ಯಾಹ್ನ. ಆ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಸಂಸತ್ ಭವನದೊಳಗೆ ದಾಳಿಕೋರರಿದ್ದರು. ಜಾರ್ಜಿಯಾದ ಅಧ್ಯಕ್ಷೀಯ ಮತಗಳಿಗೆ ಅಂದು ಆಕ್ಷೇಪ ಎತ್ತುವುದಾಗಿ ಲೋಫ್ಲರ್ ಹೇಳಿದ್ದರು. ರಾತ್ರಿ ಸಭೆ ಮತ್ತೆ ಸೇರಿದಾಗ, ಈಗ ಮನಸ್ಸು ಒಪ್ಪುವುದಿಲ್ಲ ಎಂದು ಹಿಂದೆ ಸರಿದರು. 7ರಂದು ಅವರೂ 8ರಂದು ಪರ್ಡ್ಯೂ ಅವರೂ ತಮ್ಮ ಸೋಲು ಒಪ್ಪಿದರು.

ಮಾರ್ಚ್‌ನಲ್ಲಿ ಜಾರ್ಜಿಯಾದ ಶಾಸನಸಭೆ ಹೊಸ ಕಾನೂನು ತಂದಿತು. ಎರಡನೇ ಸುತ್ತಿಗೆ ಇದ್ದ ಒಂಬತ್ತು ವಾರ ನಾಲ್ಕಕ್ಕೆ ಇಳಿಯಿತು. ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷ ಸ್ಥಾನದಿಂದ ಸೆಕ್ರೆಟರಿ ಆಫ್ ಸ್ಟೇಟ್ ಅವರನ್ನು ತೆಗೆದರು. 2022ರ ಪಕ್ಷದೊಳಗಿನ ಚುನಾವಣೆಯಲ್ಲಿ ಪರ್ಡ್ಯೂ ಇದೇ ಕಳ್ಳತನದ ಮಾತು ಹಿಡಿದು ಕೆಂಪ್ ವಿರುದ್ಧ ನಿಂತು ಹೀನಾಯವಾಗಿ ಸೋತರು. ರಾಫೆನ್ಸ್‌ಪರ್ಗರ್ ಐವತ್ತರ ಗೆರೆ ದಾಟಿ ಗೆದ್ದರು. ಆ ಡಿಸೆಂಬರ್ 6ರಂದು ವಾರ್ನಾಕ್ ಮತ್ತೆ ಎರಡನೇ ಸುತ್ತು ಎದುರಿಸಿ ಸುಮಾರು 99 ಸಾವಿರ ಮತಗಳಿಂದ ಗೆದ್ದಾಗ, ಎದುರಾಳಿ ಹರ್ಷೆಲ್ ವಾಕರ್ ಅದೇ ರಾತ್ರಿ ವೇದಿಕೆಗೆ ಬಂದು ಸೋಲು ಒಪ್ಪಿದರು.

ನಾಯಕರು ಹೀಗೆ ಚೇತರಿಸಿಕೊಂಡರು. ಎಣಿಸಿದವರ ಕತೆ ಬೇರೆ. ಅಟ್ಲಾಂಟಾದ ಸ್ಟೇಟ್ ಫಾರ್ಮ್ ಅರೀನಾದಲ್ಲಿ ಮತ ಎಣಿಸಿದವರಲ್ಲಿ ಒಬ್ಬ ತಾಯಿ, ಮಗಳು ಇದ್ದರು. 2020ರ ಡಿಸೆಂಬರ್ 3ರಂದು ಟ್ರಂಪ್ ಕಡೆಯವರು ಅಲ್ಲಿನ ಕ್ಯಾಮೆರಾ ದೃಶ್ಯದ ತುಣುಕೊಂದನ್ನು ತೋರಿಸಿ, ಸೂಟ್‌ಕೇಸಿನಲ್ಲಿ ಮತ ಬಚ್ಚಿಟ್ಟಿದ್ದರು ಅಂದರು. ಪೂರ್ತಿ ದೃಶ್ಯ ನೋಡಿದ ತನಿಖಾಧಿಕಾರಿಗಳಿಗೆ ಕಂಡದ್ದು ಮತಪತ್ರ ಇಡುವ ಮಾಮೂಲಿ ಪೆಟ್ಟಿಗೆ. ತಾಯಿ ಮಗಳಿಗೆ ಪೆನ್‌ಡ್ರೈವ್ ದಾಟಿಸಿದರು ಎಂದು ಟ್ರಂಪ್ ವಕೀಲ ರೂಡಿ ಜೂಲಿಯಾನಿ ಹೇಳಿದರು. ಅದು ಶುಂಠಿ ಪೆಪ್ಪರ್‌ಮಿಂಟು. ಬೆದರಿಕೆ ಎಷ್ಟು ಬಂತೆಂದರೆ ಎಫ್‌ಬಿಐ ಸಲಹೆಯಂತೆ ತಾಯಿ ಸುಮಾರು ಎರಡು ತಿಂಗಳು ಮನೆ ಬಿಟ್ಟಿರಬೇಕಾಯಿತು. 2023ರ ಡಿಸೆಂಬರಿನಲ್ಲಿ ಜೂಲಿಯಾನಿ ಅವರಿಬ್ಬರಿಗೆ 14.8 ಕೋಟಿ ಡಾಲರ್ ಕೊಡಬೇಕು ಎಂದು ಜ್ಯೂರಿ ಹೇಳಿತು.

ಅದಕ್ಕೂ ಮೊದಲು, 2022ರ ಜೂನಿನಲ್ಲಿ, ಮಗಳು ವಾಷಿಂಗ್ಟನ್ನಿನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಹತ್ತು ವರ್ಷದ ಚುನಾವಣಾ ಕೆಲಸವನ್ನು ಅವರು ಬಿಟ್ಟಾಗಿತ್ತು. ಆ ವಿಡಿಯೊದಲ್ಲಿ ಕಾಣುವ ನಿಮ್ಮ ಜೊತೆಯವರಲ್ಲಿ ಎಷ್ಟು ಜನ ಇನ್ನೂ ಆ ಕೆಲಸದಲ್ಲಿದ್ದಾರೆ ಎಂದು ಕೇಳಿದರು. ಕಾಯಂ ಕೆಲಸಗಾರರಲ್ಲಿ, ಮೇಲ್ವಿಚಾರಕರಲ್ಲಿ ಒಬ್ಬರೂ ಉಳಿದಿಲ್ಲ ಎಂದು ಅವರು ಉತ್ತರ ಕೊಟ್ಟರು.